ಓದುಗರ ಪ್ರಶ್ನೆ, ನಮ್ಮ ಉತ್ತರ: ಕ್ರಾಗುಯೆವಾತ್ಸ್ ಎಂಬ ಕಾರ್ಖಾನೆಯ ಊರು

ಸರ್ಬಿಯಾದ ಕ್ರಾಗುಯೆವಾತ್ಸ್ ನಗರವನ್ನು ಕುರಿತು ಓದುಗರು ಕೇಳಿದ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಈ ಬಾರಿ ಉತ್ತರಿಸಲಾಗಿದೆ.

ಪ್ರಶ್ನೆ: ಕ್ರಾಗುಯೆವಾತ್ಸನ್ನು ಒಂದು ಕಡೆ ಕೈಗಾರಿಕಾ ನಗರವೆಂದೂ ಇನ್ನೊಂದು ಕಡೆ ಸರ್ಬಿಯಾದ ಸಾಂಸ್ಕೃತಿಕ ತವರುಗಳಲ್ಲಿ ಒಂದೆಂದೂ ಬರೆದಿರುವುದನ್ನು ಓದಿದೆ. ಫಿರಂಗಿ ಮತ್ತು ಕಾರು ತಯಾರಿಸುವ ಊರಿಗೆ ನಾಟಕಶಾಲೆಯ, ವಿದ್ಯಾಸಂಸ್ಥೆಗಳ ಹಿರಿಮೆ ಬಂದದ್ದು ಹೇಗೆ?

ಉತ್ತರ: ಇವೆರಡನ್ನೂ ಬೇರೆ ಬೇರೆ ಕಥೆಗಳೆಂದು ನೋಡುವುದರಿಂದಲೇ ಈ ಊರು ಅರ್ಥವಾಗದೆ ಉಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ. ಬೆಲ್‌ಗ್ರೇಡ್‌ನ ದಕ್ಷಿಣಕ್ಕೆ ಸುಮಾರು 140 ಕಿಲೋಮೀಟರ್ ದೂರದಲ್ಲಿ, ಶುಮಾದಿಯಾ ಎಂಬ ಗುಡ್ಡಗಾಡು ಪ್ರದೇಶದ ನಡುವೆ, ಲೆಪೆನಿತ್ಸಾ ಎಂಬ ಚಿಕ್ಕ ನದಿಯ ದಂಡೆಯಲ್ಲಿರುವ ಕ್ರಾಗುಯೆವಾತ್ಸ್ ಇಂದು ಜನಸಂಖ್ಯೆಯಲ್ಲಿ ಸರ್ಬಿಯಾದ ನಾಲ್ಕನೆಯ ನಗರ. ಸುತ್ತಲ ಹಳ್ಳಿಗಳೂ ಸೇರಿದಂತೆ ಸುಮಾರು 1.7 ಲಕ್ಷ ಜನ ಇದರ ಆಡಳಿತ ವ್ಯಾಪ್ತಿಯಲ್ಲಿದ್ದಾರೆ. ಎರಡು ಶತಮಾನಗಳ ಹಿಂದೆ ಇದು ಕೆಲವೇ ಮನೆಗಳಿದ್ದ ಸಣ್ಣ ಊರು. ಆಟೊಮನ್ ಆಳ್ವಿಕೆಯ ವಿರುದ್ಧ ನಡೆದ ಎರಡನೆಯ ದಂಗೆಯ ನಾಯಕ ಮಿಲೋಶ್ ಒಬ್ರೆನೋವಿಚ್ 1818ರಲ್ಲಿ ತನ್ನ ರಾಜಧಾನಿಯಾಗಿ ಇದನ್ನೇ ಆರಿಸಿಕೊಂಡನು. ಬೆಲ್‌ಗ್ರೇಡ್‌ನ ಕೋಟೆಯಲ್ಲಿ ಆಗಿನ್ನೂ ಆಟೊಮನ್ ಪಾಷಾ ಮತ್ತು ಅವನ ಸೈನ್ಯ ಬೀಡುಬಿಟ್ಟಿದ್ದರಿಂದ, ಹೊಸದಾಗಿ ತಲೆಯೆತ್ತುತ್ತಿದ್ದ ಒಂದು ಸಂಸ್ಥಾನಕ್ಕೆ ಆ ಕೋಟೆಯ ತೋಪುಗಳಿಂದ ದೂರವಿರುವ, ತನ್ನವರೇ ಸುತ್ತುವರಿದಿರುವ ಒಳನಾಡಿನ ಊರು ಬೇಕಾಗಿತ್ತು.

ಮುಂದಿನ ಇಪ್ಪತ್ತಮೂರು ವರ್ಷಗಳಲ್ಲಿ, ಅಂದರೆ 1841ರವರೆಗೆ, ಆಧುನಿಕ ಸರ್ಬಿಯಾದ ಅನೇಕ ಸಂಸ್ಥೆಗಳು ಹುಟ್ಟಿದ್ದು ಇಲ್ಲಿಯೇ. 1833ರಲ್ಲಿ ಪ್ರೌಢಶಾಲೆ ಪ್ರಾರಂಭವಾಯಿತು. ಮರುವರ್ಷ ದಿಮಿತ್ರಿಯೆ ದಾವಿದೋವಿಚ್ ಸಂಪಾದಕತ್ವದಲ್ಲಿ ಸರ್ಕಾರಿ ಪತ್ರಿಕೆಯ ಮುದ್ರಣ ಆರಂಭವಾಯಿತು. 1835ರ ಫೆಬ್ರವರಿ 15ರಂದು ಇಲ್ಲಿ ಸೇರಿದ ಜನಸಭೆಯಲ್ಲಿ, ದಾವಿದೋವಿಚ್ ರಚಿಸಿದ ಸಂವಿಧಾನವನ್ನು ಘೋಷಿಸಲಾಯಿತು. ರಾಜನ ಅಧಿಕಾರಕ್ಕೆ ಮಿತಿ ಹಾಕಿ, ಜಮೀನ್ದಾರಿ ಹಕ್ಕುಗಳನ್ನು ತೊಡೆದುಹಾಕಲು ಹೊರಟ ಆ ದಸ್ತಾವೇಜನ್ನು ಆಸ್ಟ್ರಿಯಾ, ರಷ್ಯಾ ಮತ್ತು ಆಟೊಮನ್ ಸಾಮ್ರಾಜ್ಯ ಮೂರೂ ಸಹಿಸಲಿಲ್ಲ. ಕೆಲವೇ ವಾರಗಳಲ್ಲಿ ಅದು ರದ್ದಾಯಿತು. ಹಾಗಿದ್ದರೂ ಫೆಬ್ರವರಿ 15ನ್ನು ಸರ್ಬಿಯಾ ಇಂದಿಗೂ ತನ್ನ ರಾಷ್ಟ್ರದಿನವಾಗಿ ಆಚರಿಸುತ್ತದೆ.

ಅದೇ ಜನಸಭೆಯ ದಿನಗಳಲ್ಲಿ ಯೋಆಕಿಮ್ ವುಯಿಚ್ ಎಂಬ ನಾಟಕಕಾರ ಇಲ್ಲಿ ರಾಜಾಶ್ರಯದ ನಾಟಕಶಾಲೆಯನ್ನು ನಡೆಸಿದನು. ಮುದ್ರಣಾಲಯಕ್ಕೆಂದು ಇದ್ದ ಕಟ್ಟಡದಲ್ಲಿ ರಂಗ ಸಜ್ಜಾಯಿತು. ರಾಜನ ವಾದ್ಯವೃಂದದ ಮುಖ್ಯಸ್ಥ ಯೋಸಿಫ್ ಶ್ಲೆಜಿಂಗರ್ ಸಂಗೀತ ಒದಗಿಸಿದನು. ಸಂವಿಧಾನದ ಚರ್ಚೆಗೆಂದು ಬಂದ ಹಳ್ಳಿಗಳ ಮುಖಂಡರು ಸಂಜೆ ಅಲ್ಲಿ ಕುಳಿತು ನಾಟಕ ನೋಡುತ್ತಿದ್ದರು. ಅವರಲ್ಲಿ ಹೆಚ್ಚಿನವರಿಗೆ ಅಕ್ಷರಜ್ಞಾನವಿರಲಿಲ್ಲ ಎಂಬುದನ್ನು ನೆನೆದರೆ, ಒಂದು ನಾಡು ತನ್ನನ್ನು ತಾನು ಕಟ್ಟಿಕೊಳ್ಳುವಾಗ ಕಾನೂನಿನಷ್ಟೇ ರಂಗಭೂಮಿಯನ್ನೂ ಅಗತ್ಯವೆಂದು ಭಾವಿಸಿತ್ತು ಎಂಬುದು ಮನವರಿಕೆಯಾಗುತ್ತದೆ. ಆ ಪರಂಪರೆಯ ನಾಟಕಶಾಲೆ ಇಂದಿಗೂ ‘ಕ್ನ್ಯಾಜೆವ್‌ಸ್ಕೋ-ಸ್ರ್ಪ್‌ಸ್ಕಿ ತೇಆತರ್’ ಎಂಬ ಹಳೆಯ ಹೆಸರಿನಲ್ಲೇ ನಡೆಯುತ್ತಿದೆ, ಮತ್ತು ವುಯಿಚ್‌ನ ಹೆಸರಿನಲ್ಲಿ ನಾಟಕೋತ್ಸವವೂ ಜರುಗುತ್ತದೆ. 1838ರಲ್ಲಿ ಇಲ್ಲಿ ಸ್ಥಾಪನೆಯಾದ ಲೈಸಿಯಮ್ ಎಂಬ ಉನ್ನತ ವಿದ್ಯಾಲಯವೇ ಮುಂದೆ ಬೆಳೆದು ಬೆಲ್‌ಗ್ರೇಡ್ ವಿಶ್ವವಿದ್ಯಾಲಯಕ್ಕೆ ಬುನಾದಿಯಾಯಿತು.

1841ರಲ್ಲಿ ರಾಜಧಾನಿ ಬೆಲ್‌ಗ್ರೇಡ್‌ಗೆ ಹೋಯಿತು. ಅದರ ಹಿಂದೆಯೇ ಲೈಸಿಯಮ್, ಕಚೇರಿಗಳು, ಅಧಿಕಾರಿಗಳೆಲ್ಲ ಹೊರಟರು. ರಾಜಧಾನಿಯ ಪಟ್ಟ ಕಳೆದುಕೊಂಡ ಎಷ್ಟೋ ಊರುಗಳು ಆಮೇಲೆ ಚೇತರಿಸಿಕೊಂಡದ್ದೇ ಇಲ್ಲ. ಕ್ರಾಗುಯೆವಾತ್ಸನ್ನು ಉಳಿಸಿದ್ದು, ಮೊದಲು ಅದಕ್ಕೆ ರಾಜಧಾನಿಯ ಪಟ್ಟ ತಂದುಕೊಟ್ಟಿದ್ದ ಅದೇ ಕಾರಣ. ಬೆಲ್‌ಗ್ರೇಡ್‌ನಲ್ಲಿದ್ದ ಫಿರಂಗಿ ಎರಕದ ಕಾರ್ಖಾನೆ ಆಟೊಮನ್ ಕೋಟೆಯ ಕಣ್ಣೆದುರೇ ಇತ್ತು. ಆ ಸೈನ್ಯ ಬೆಲ್‌ಗ್ರೇಡ್ ಬಿಟ್ಟು ಹೋದದ್ದು 1867ರಲ್ಲಿ. ಆದ್ದರಿಂದ 1851ರಲ್ಲಿ ಕಾರ್ಖಾನೆಯನ್ನು ಕ್ರಾಗುಯೆವಾತ್ಸ್‌ಗೆ ಸಾಗಿಸಲಾಯಿತು. ಶಾರ್ಲ್ ಲೂಬ್ರಿ ಎಂಬ ಫ್ರೆಂಚ್ ಎಂಜಿನಿಯರನ ನೇತೃತ್ವದಲ್ಲಿ 1853ರ ಅಕ್ಟೋಬರ್‌ನಲ್ಲಿ ಇಲ್ಲಿ ಮೊದಲ ಫಿರಂಗಿಗಳನ್ನು ಎರಕ ಹೊಯ್ದರು. ಎರಕಹೊಯ್ಯಲು, ಕಡೆಯಲು, ಅಳೆದು ಒಪ್ಪವಿಡಲು ಬಲ್ಲವರು ನಾಡಿನಲ್ಲಿ ಇರಲಿಲ್ಲವಾದ್ದರಿಂದ ಮರುವರ್ಷವೇ ಕಾರ್ಖಾನೆಯ ಜೊತೆಗೆ ಕುಶಲಕರ್ಮಿಗಳ ತಾಂತ್ರಿಕ ಶಾಲೆಯೊಂದನ್ನು ತೆರೆಯಲಾಯಿತು. 1884ರಲ್ಲಿ ಸರ್ಬಿಯಾದ ಮೊದಲ ವಿದ್ಯುದ್ದೀಪ ಉರಿದದ್ದು ಇದೇ ಕಾರ್ಖಾನೆಯ ತೋಟಾ ತಯಾರಿಸುವ ವಿಭಾಗದಲ್ಲಿ. ಹೀಗೆ ರಾಜಧಾನಿ ಬಿಟ್ಟುಹೋದ ಜಾಗವನ್ನು ಕಾರ್ಖಾನೆ ತುಂಬಿತು; ಕಾರ್ಖಾನೆಗೆ ಓದುಬರಹ, ಲೆಕ್ಕ, ನಕ್ಷೆ ಬಲ್ಲವರು ಬೇಕಾಗಿದ್ದರಿಂದ ಊರಿನಲ್ಲಿ ಶಾಲೆಯೂ ಪತ್ರಿಕೆಯೂ ಉಳಿದವು.

ಪ್ರಶ್ನೆ: ಸರ್ಬಿಯಾದ ಕಾರ್ಮಿಕ ಚಳವಳಿ ಈ ಊರಿನಲ್ಲೇ ಮೊದಲಾಯಿತು ಎಂಬುದು ನಿಜವೇ?

ಉತ್ತರ: ಮೊದಲ ದೊಡ್ಡ ಕಾರ್ಮಿಕ ಪ್ರದರ್ಶನ ಇಲ್ಲಿ ನಡೆಯಿತು ಎಂಬುದು ನಿಜ. ಸಮಾಜವಾದಿ ಚಿಂತಕ ಸ್ವೆತೋಜಾರ್ ಮಾರ್ಕೋವಿಚ್ 1870ರ ದಶಕದ ಮೊದಲರ್ಧದಲ್ಲಿ ಇಲ್ಲಿಂದ ಪತ್ರಿಕೆ ನಡೆಸಿದನು. ಬರಹಗಳಿಗಾಗಿ ಸೆರೆಮನೆಯನ್ನೂ ಕಂಡನು. ಅವನಿಗೆ ಓದುಗರು ಸಿಕ್ಕಿದ್ದು ಆಯುಧ ಕಾರ್ಖಾನೆಯ ಕಾರ್ಮಿಕರಲ್ಲಿ, ಏಕೆಂದರೆ ಆಗಿನ ಸರ್ಬಿಯಾದಲ್ಲಿ ಒಂದೇ ಸೂರಿನಡಿ ಅಷ್ಟು ಜನ ಅಕ್ಷರಸ್ಥ ಕಾರ್ಮಿಕರು ಸಿಗುತ್ತಿದ್ದ ಬೇರೆ ಸ್ಥಳ ಇರಲಿಲ್ಲವೆಂದೇ ಹೇಳಬೇಕು. ಮಾರ್ಕೋವಿಚ್ 1875ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ತೀರಿಕೊಂಡನು. ಮರುವರ್ಷ ಫೆಬ್ರವರಿಯಲ್ಲಿ ಅವನ ಅನುಯಾಯಿಗಳು ಪುರಸಭೆಯಲ್ಲಿ ಗೆಲುವು ಸಾಧಿಸಿದಾಗ, ಕಾರ್ಮಿಕರೂ ಊರ ಜನರೂ ಸೇರಿ ಸ್ವಯಮಾಡಳಿತ ಎಂಬ ಘೋಷಣೆ ಬರೆದ ಕೆಂಪು ಬಾವುಟ ಹಿಡಿದು ಬೀದಿಗೆ ಇಳಿದರು. ಸೈನ್ಯ ಅವರನ್ನು ಚದುರಿಸಿತು, ಬಂಧನಗಳೂ ವಿಚಾರಣೆಯೂ ನಡೆದವು. ಸರ್ಕಾರ ತನ್ನ ರಕ್ಷಣೆಗೆಂದು ಕಟ್ಟಿದ ಕಾರ್ಖಾನೆಯೊಳಗಿಂದಲೇ ಸರ್ಕಾರವನ್ನು ಪ್ರಶ್ನಿಸುವ ದನಿ ಎದ್ದದ್ದು ಆ ಕಾಲದ ಆಳುವವರನ್ನು ಎಷ್ಟು ಕಂಗೆಡಿಸಿರಬಹುದು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಪ್ರಶ್ನೆ: ಈ ಊರಿನ ಬೀದಿಯೊಂದಕ್ಕೆ ಸ್ಕಾಟ್ಲೆಂಡಿನ ವೈದ್ಯೆಯೊಬ್ಬರ ಹೆಸರಿದೆ ಎಂದು ಕೇಳಿದ್ದೇನೆ. ಅವರಿಗೂ ಈ ಊರಿಗೂ ಏನು ಸಂಬಂಧ?

ಉತ್ತರ: ಅವರು ಡಾ. ಎಲಿಜಬೆತ್ ರಾಸ್. ಮೊದಲ ಮಹಾಯುದ್ಧದ ಆರಂಭದಲ್ಲಿ ಕ್ರಾಗುಯೆವಾತ್ಸ್ ಸರ್ಬಿಯಾ ಸೈನ್ಯದ ಮುಖ್ಯ ಕಾರ್ಯಸ್ಥಾನವೂ ಆಯುಧಾಗಾರವೂ ಆಗಿದ್ದರಿಂದ ಗಾಯಾಳುಗಳು, ಸೆರೆಸಿಕ್ಕ ಸೈನಿಕರು, ನಿರಾಶ್ರಿತರು ಎಲ್ಲರೂ ಇಲ್ಲಿಗೇ ಬಂದು ಸೇರಿದರು. ಆ ಜನಸಂದಣಿಯಲ್ಲಿ ಹೇನುಗಳ ಮೂಲಕ ಹರಡುವ ಟೈಫಸ್ ಜ್ವರ ಕಾಡ್ಗಿಚ್ಚಿನಂತೆ ಹಬ್ಬಿತು. ಅದಕ್ಕೂ ಮೊದಲು ಪರ್ಷಿಯಾದಲ್ಲಿ ವೈದ್ಯಕೀಯ ಸೇವೆ ಮಾಡಿದ್ದ ರಾಸ್ ಸ್ವಇಚ್ಛೆಯಿಂದ ಬಂದು ಟೈಫಸ್ ರೋಗಿಗಳ ವಾರ್ಡಿನಲ್ಲಿ ಕೆಲಸಕ್ಕೆ ನಿಂತರು. ಅದೇ ರೋಗ ತಗುಲಿ 1915ರ ಫೆಬ್ರವರಿ 14ರಂದು ಇಲ್ಲಿಯೇ ಅಸುನೀಗಿದರು. ಸ್ಕಾಟ್ಲೆಂಡಿನ ಮಹಿಳೆಯರೇ ನಡೆಸುತ್ತಿದ್ದ ಆಸ್ಪತ್ರೆಯ ತಂಡವೂ ಆ ವರ್ಷ ಇಲ್ಲಿತ್ತು. ಪ್ರತಿವರ್ಷ ಫೆಬ್ರವರಿ 14ರಂದು ಊರಿನವರು ರಾಸ್ ಅವರ ಸಮಾಧಿಯ ಬಳಿ ಸೇರಿ ಗೌರವ ಸಲ್ಲಿಸುತ್ತಾರೆ.

ಪ್ರಶ್ನೆ: 1941ರ ಅಕ್ಟೋಬರ್‌ನಲ್ಲಿ ಇಲ್ಲಿ ನಡೆದ ಹತ್ಯಾಕಾಂಡದಲ್ಲಿ ಸತ್ತವರ ಸಂಖ್ಯೆಯನ್ನು ಒಂದು ಪುಸ್ತಕದಲ್ಲಿ 7,000 ಎಂದೂ ಇನ್ನೊಂದರಲ್ಲಿ ಅದರ ಅರ್ಧಕ್ಕಿಂತ ಕಡಿಮೆಯೆಂದೂ ಓದಿದೆ. ಯಾವುದು ಸರಿ? ಅದು ನಡೆದದ್ದಾದರೂ ಏಕೆ?

ಉತ್ತರ: ಈ ಪ್ರಶ್ನೆಗೆ ಸಾವಧಾನವಾಗಿ ಉತ್ತರಿಸಬೇಕು. 1941ರ ಏಪ್ರಿಲ್‌ನಲ್ಲಿ ಜರ್ಮನಿ ಯುಗೊಸ್ಲಾವಿಯಾವನ್ನು ಆಕ್ರಮಿಸಿತು. ಬೇಸಿಗೆಯ ಹೊತ್ತಿಗೆ ಸರ್ಬಿಯಾದಲ್ಲಿ ದಂಗೆ ಎದ್ದಿತು. ಅದನ್ನು ಅಡಗಿಸಲು ನೇಮಕಗೊಂಡ ಜನರಲ್ ಫ್ರಾಂಜ್ ಬೋಹ್ಮೆ, ಕೊಲ್ಲಲ್ಪಟ್ಟ ಒಬ್ಬ ಜರ್ಮನ್ ಸೈನಿಕನಿಗೆ 100 ಜನರನ್ನೂ ಗಾಯಗೊಂಡ ಒಬ್ಬನಿಗೆ 50 ಜನರನ್ನೂ ಗುಂಡಿಕ್ಕಬೇಕೆಂದು ಆಜ್ಞೆ ಹೊರಡಿಸಿದನು. ಅಕ್ಟೋಬರ್ ಮಧ್ಯದಲ್ಲಿ ಕ್ರಾಗುಯೆವಾತ್ಸ್‌ನ ಹತ್ತಿರ ನಡೆದ ಕಾದಾಟದಲ್ಲಿ 10 ಜನ ಜರ್ಮನ್ ಸೈನಿಕರು ಸತ್ತು 26 ಜನ ಗಾಯಗೊಂಡರು. ಆಜ್ಞೆಯ ಪ್ರಕಾರ ಲೆಕ್ಕ ಹಾಕಿದರೆ 2,300. ಮನುಷ್ಯರ ಜೀವವನ್ನು ಹೀಗೆ ಗುಣಾಕಾರ ಮಾಡಿ, ಆ ಮೊತ್ತವನ್ನು ತುಂಬಿಸಲು ಒಂದು ಊರನ್ನು ಜಾಲಾಡಿದ್ದು ಕ್ರಾಗುಯೆವಾತ್ಸ್‌ನಲ್ಲಿ ನಡೆದ ಸಂಗತಿ.

ಮೊದಲು ಸುತ್ತಲ ಹಳ್ಳಿಗಳಲ್ಲಿ ನೂರಾರು ಜನರನ್ನು ಕೊಂದರು. ಅಕ್ಟೋಬರ್ 20ರಂದು ಊರಿನ ಗಂಡಸರನ್ನು ಬೀದಿಗಳಿಂದ, ಅಂಗಡಿ ಕಚೇರಿಗಳಿಂದ, ಮನೆಗಳಿಂದ ಹಿಡಿದು ತಂದರು; ಜರ್ಮನ್ನರೊಡನೆ ಕೈಜೋಡಿಸಿದ್ದ ಸ್ಥಳೀಯ ತುಕಡಿಗಳೂ ಇದರಲ್ಲಿ ನೆರವಾದವು. ಪ್ರೌಢಶಾಲೆಗೆ ನುಗ್ಗಿ ತರಗತಿಗಳಿಂದಲೇ ಹುಡುಗರನ್ನೂ ಅವರ ಶಿಕ್ಷಕರನ್ನೂ ಹೊರಡಿಸಿದರು. ಬೀದಿಯಲ್ಲಿ ಬೂಟು ಪಾಲಿಶ್ ಮಾಡಿ ಹೊಟ್ಟೆ ಹೊರೆಯುತ್ತಿದ್ದ, ಜಿಪ್ಸಿಗಳೆಂದು ಕರೆಯಲಾಗುತ್ತಿದ್ದ ರೋಮಾ ಸಮುದಾಯದ ಹುಡುಗರನ್ನೂ ಬಿಡಲಿಲ್ಲ. ಮರುದಿನ, ಅಕ್ಟೋಬರ್ 21ರಂದು, ಬೆಳಗಿನಿಂದ ಮಧ್ಯಾಹ್ನದವರೆಗೆ, ಊರ ಹೊರಗಿನ ಶುಮಾರಿತ್ಸೆ ಎಂಬ ಬಯಲಿನಲ್ಲಿ ಗುಂಪುಗುಂಪಾಗಿ ನಿಲ್ಲಿಸಿ ಗುಂಡು ಹಾರಿಸಿದರು.

ಸಂಖ್ಯೆಯ ವಿಚಾರ. ಯುದ್ಧಾನಂತರ ಬಹುಕಾಲ ಸತ್ತವರು 7,000 ಎಂದೇ ಶಾಲಾಪುಸ್ತಕಗಳಲ್ಲಿ ಬರೆಯಲಾಗುತ್ತಿತ್ತು. ಆಮೇಲೆ ಸ್ಮಾರಕ ವಸ್ತುಸಂಗ್ರಹಾಲಯದ ಸಂಶೋಧಕರು ಹೆಸರು ಹೆಸರನ್ನೂ ಪರಿಶೀಲಿಸಿ, ಹಳ್ಳಿಗಳಲ್ಲಿ ಸತ್ತವರನ್ನೂ ಸೇರಿಸಿ, ಸುಮಾರು 2,800 ಎಂಬ ತೀರ್ಮಾನಕ್ಕೆ ಬಂದರು. ಇಂದು ಇತಿಹಾಸಕಾರರು ಒಪ್ಪುವುದು ಇದನ್ನೇ. ಸಂಖ್ಯೆ ಇಳಿಯಿತೆಂದು ಅಪರಾಧದ ಭಾರ ಕಡಿಮೆಯಾಗುವುದಿಲ್ಲ. ಒಂದು ದುಂಡು ಸಂಖ್ಯೆಗಿಂತ ಹೆಸರುಗಳ ಪಟ್ಟಿ ಸತ್ತವರಿಗೆ ಸಲ್ಲಿಸುವ ಹೆಚ್ಚಿನ ಗೌರವ ಎಂದು ನಾನು ದೃಢವಾಗಿ ನಂಬುತ್ತೇನೆ. ಬೋಹ್ಮೆ ಮಾತ್ರ ತೀರ್ಪನ್ನು ಎದುರಿಸಲಿಲ್ಲ; ನ್ಯೂರೆಂಬರ್ಗ್‌ನಲ್ಲಿ ವಿಚಾರಣೆ ಆರಂಭವಾಗುವ ಮೊದಲೇ, 1947ರಲ್ಲಿ, ಸೆರೆಮನೆಯಲ್ಲಿ ಆತ್ಮಹತ್ಯೆ ಮಾಡಿಕೊಂಡನು.

ಶುಮಾರಿತ್ಸೆ ಈಗ ನೂರಾರು ಹೆಕ್ಟೇರ್ ವಿಸ್ತಾರದ ಸ್ಮಾರಕ ಉದ್ಯಾನ. ಅದರೊಳಗಿನ ಸ್ಮಾರಕಗಳಲ್ಲಿ ಮಿಯೊದ್ರಾಗ್ ಜಿವ್ಕೊವಿಚ್ 1963ರಲ್ಲಿ ರೂಪಿಸಿದ, ಗುಂಡಿಗೆ ಬಲಿಯಾದ ವಿದ್ಯಾರ್ಥಿಗಳ ಮತ್ತು ಶಿಕ್ಷಕರ ಸ್ಮಾರಕವೇ ಹೆಚ್ಚು ಪ್ರಸಿದ್ಧ: ಹಾರಲು ಹೊರಟ ಹಕ್ಕಿಯ ರೆಕ್ಕೆಗಳಂತೆ ಎರಡು ಬಿಳಿ ಕಾಂಕ್ರೀಟ್ ಆಕೃತಿಗಳು, ಅವುಗಳ ಮೈಮೇಲೆ ಅರೆಮೂಡಿದ ಮಾನವ ಆಕೃತಿಗಳು. ಬೂಟು ಪಾಲಿಶ್ ಹುಡುಗರಿಗೂ ಪ್ರತ್ಯೇಕ ಸ್ಮಾರಕವಿದೆ. ಪ್ರವೇಶದ್ವಾರದ ಬಳಿಯ ವಸ್ತುಸಂಗ್ರಹಾಲಯವನ್ನು ಇವಾನ್ ಆಂತಿಚ್ ಮತ್ತು ಇವಾಂಕಾ ರಾಸ್ಪೊಪೊವಿಚ್ ಎಂಬ ವಾಸ್ತುಶಿಲ್ಪಿಗಳು ವಿನ್ಯಾಸಗೊಳಿಸಿದರು. 1976ರಲ್ಲಿ ತೆರೆದ ಈ ಕಟ್ಟಡ ಕೆಂಪು ಇಟ್ಟಿಗೆಯ, ಎತ್ತರ ತಗ್ಗುಗಳಿರುವ ಗೋಪುರಗಳ ಗುಚ್ಛ. ಗೋಡೆಗಳಲ್ಲಿ ಕಿಟಕಿಗಳಿಲ್ಲ, ಬೆಳಕು ಬೀಳುವುದು ಮೇಲಿನಿಂದ ಮಾತ್ರ. ಒಳಗೆ, ಸಾವಿಗೆ ಕಾಯುತ್ತಿದ್ದ ಆ ರಾತ್ರಿ ಸೆರೆಯಾಳುಗಳು ಕೈಗೆ ಸಿಕ್ಕ ಕಾಗದದ ಚೂರುಗಳ ಮೇಲೆ, ಗುರುತಿನ ಚೀಟಿಗಳ ಮೇಲೆ ಮನೆಯವರಿಗೆ ಗೀಚಿದ ಕೊನೆಯ ಸಾಲುಗಳಿವೆ. ಒಬ್ಬನು ತನ್ನವರಿಗೆ ಕೊನೆಯ ವಂದನೆ ತಿಳಿಸಿ, ನಾಳೆ ಬ್ರೆಡ್ ತರಬೇಡಿರೆಂದು ಬರೆದಿದ್ದಾನೆ. ಇಡೀ ಸಂಗ್ರಹದಲ್ಲಿ ನನ್ನನ್ನು ಹೆಚ್ಚು ಕಲಕಿದ ಸಾಲು ಅದು. ಸಾಯುವ ಹೊತ್ತಿನಲ್ಲೂ ಅವನಿಗಿದ್ದದ್ದು ಮನೆಯವರು ವೃಥಾ ನಡೆದು ಬರಬಾರದೆಂಬ ಕಾಳಜಿ.

ಪ್ರತಿವರ್ಷ ಅಕ್ಟೋಬರ್ 21ರಂದು ಇಲ್ಲಿ ‘ಮಹಾ ಶಾಲಾ ಪಾಠ’ ಎಂಬ ಸ್ಮರಣೆ ನಡೆಯುತ್ತದೆ. ಭಾಷಣಗಳಿಗಿಂತ ಕವಿತೆ, ಸಂಗೀತ, ರಂಗಪ್ರಯೋಗಗಳಿಗೆ ಅದರಲ್ಲಿ ಪ್ರಾಧಾನ್ಯ. ಮೊದಲ ಪ್ರಶ್ನೆ ಕೇಳಿದ ಓದುಗರು ಈ ಸಂಗತಿಯನ್ನೂ ಗಮನಿಸಬೇಕು: ಈ ಊರಿನ ಸಾಂಸ್ಕೃತಿಕ ಜೀವನದ ಬಹುದೊಡ್ಡ ಪಾಲು ಈ ದಿನದ ಸುತ್ತ ಬೆಳೆದದ್ದು, ಯುದ್ಧವಿರೋಧಿ ವ್ಯಂಗ್ಯಚಿತ್ರಗಳ ಅಂತರರಾಷ್ಟ್ರೀಯ ಪ್ರದರ್ಶನವೂ ಅದರಲ್ಲಿ ಸೇರಿದೆ.

ಪ್ರಶ್ನೆ: ಇಲ್ಲಿ ತಯಾರಾದ ಯೂಗೋ ಕಾರನ್ನು ‘ಪ್ರಪಂಚದ ಅತಿ ಕೆಟ್ಟ ಕಾರು’ ಎಂದು ಹೀಗಳೆಯುವುದನ್ನು ಓದಿದ್ದೇನೆ. ಇದು ನ್ಯಾಯವೇ?

ಉತ್ತರ: ನನ್ನ ದೃಷ್ಟಿಯಲ್ಲಿ ನ್ಯಾಯವಲ್ಲ. ಯುದ್ಧ ಮುಗಿದ ಮೇಲೆ ‘ಜಾಸ್ತಾವಾ’ ಎಂಬ ಹೆಸರು ಪಡೆದ ಆಯುಧ ಕಾರ್ಖಾನೆಯ ಕಾರ್ಮಿಕರು 1953ರಲ್ಲಿ, ಕಾರ್ಖಾನೆ ಗಳಿಸಿದ ಹಣವನ್ನು ಕಾರು ತಯಾರಿಕೆಯಲ್ಲಿ ತೊಡಗಿಸಬೇಕೆಂದು ಮತ ಹಾಕಿ ನಿರ್ಧರಿಸಿದರು. ಸ್ವಯಮಾಡಳಿತದ ಬಾವುಟ ಹಿಡಿದವರ ಊರಿನಲ್ಲಿ, ಮುಕ್ಕಾಲು ಶತಮಾನದ ನಂತರ, ಇಷ್ಟು ದೊಡ್ಡ ನಿರ್ಧಾರ ಕಾರ್ಮಿಕರ ಮತದಿಂದ ಹೊರಬಂದಿತು. ಇಟಲಿಯ ಫಿಯಟ್ ಕಂಪನಿಯೊಡನೆ ಒಪ್ಪಂದವಾಗಿ, 1955ರಿಂದ ಫಿಯಟ್ 600ನ ಮಾದರಿಯ ಪುಟ್ಟ ಕಾರು ತಯಾರಾಗತೊಡಗಿತು. ಹಿಂಬದಿಯಲ್ಲಿ ಎಂಜಿನ್ ಇದ್ದ, ಜನ ‘ಫಿಚಾ’ ಎಂದು ಮುದ್ದಿನಿಂದ ಕರೆದ ಆ ಕಾರು 1985ರವರೆಗೆ ಒಂಬತ್ತು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಹೊರಬಂದು ಯುಗೊಸ್ಲಾವಿಯಾದ ಸಾಮಾನ್ಯ ಕುಟುಂಬಗಳನ್ನು ಮೊದಲ ಬಾರಿಗೆ ಸಮುದ್ರತೀರದ ಪ್ರವಾಸಕ್ಕೆ ಕರೆದೊಯ್ದಿತು.

ಯೂಗೋ ಬಂದದ್ದು 1980ರಲ್ಲಿ, ಅದೂ ಫಿಯಟ್‌ನ ತಂತ್ರಜ್ಞಾನದ ಆಧಾರದ ಮೇಲೆಯೇ. ಮ್ಯಾಲ್ಕಮ್ ಬ್ರಿಕ್ಲಿನ್ ಎಂಬ ಅಮೆರಿಕದ ಉದ್ಯಮಿ 1985ರಲ್ಲಿ ಅದನ್ನು 3,990 ಡಾಲರ್ ಬೆಲೆಗೆ ಅಮೆರಿಕದ ಮಾರುಕಟ್ಟೆಗೆ ತಂದನು. ಅಲ್ಲಿ ಅಷ್ಟು ಅಗ್ಗದ ಹೊಸ ಕಾರು ಬೇರೆ ಇರಲಿಲ್ಲ. 1992ರವರೆಗೆ ಸುಮಾರು 1.4 ಲಕ್ಷ ಕಾರುಗಳು ಅಲ್ಲಿ ಮಾರಾಟವಾದವು. ಜೋಡಣೆಯ ಗುಣಮಟ್ಟದಲ್ಲಿ ಕೊರತೆಗಳಿದ್ದುದು ಸತ್ಯ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅಗ್ಗವೆಂದು ಕೊಂಡವರಲ್ಲಿ ಅನೇಕರು ನಿಗದಿತ ಆರೈಕೆಯನ್ನೇ ಮಾಡಿಸಲಿಲ್ಲ. ಈ ಎಂಜಿನ್ನಿನ ಟೈಮಿಂಗ್ ಬೆಲ್ಟ್ ಹೊತ್ತಿಗೆ ಸರಿಯಾಗಿ ಬದಲಾಗದೆ ಓಡುತ್ತಿರುವಾಗಲೇ ಕಡಿದುಹೋದರೆ, ಮೇಲೇರುವ ಪಿಸ್ಟನ್ನುಗಳು ತೆರೆದ ವಾಲ್ವುಗಳಿಗೆ ಬಡಿದು ಎಂಜಿನ್ ಅಲ್ಲಿಗೇ ಹಾಳಾಗುತ್ತದೆ. ಬೈಸಿಕೊಂಡದ್ದು ಮಾತ್ರ ಕಾರು. ಅದೇ ಕಾರನ್ನು ಯುಗೊಸ್ಲಾವಿಯಾದ ಜನ ಬೀದಿಬದಿಯ ಮೆಕ್ಯಾನಿಕ್ಕುಗಳ ಕೈಯಲ್ಲಿ ರಿಪೇರಿ ಮಾಡಿಸಿಕೊಂಡು ದಶಕಗಟ್ಟಲೆ ಓಡಿಸಿದರು.

ಯೂಗೋವನ್ನು ಕೊಂದದ್ದು ಅಮೆರಿಕದ ಹಾಸ್ಯವಲ್ಲ, ಯುಗೊಸ್ಲಾವಿಯಾದ ಒಡಕು. 1980ರ ದಶಕದ ಕೊನೆಯಲ್ಲಿ ಜಾಸ್ತಾವಾ ವರ್ಷಕ್ಕೆ ಎರಡು ಲಕ್ಷದಷ್ಟು ಕಾರುಗಳನ್ನು ತಯಾರಿಸುತ್ತಿತ್ತು. ಅದರ ಬಿಡಿಭಾಗಗಳು ಸ್ಲೊವೇನಿಯಾ, ಕ್ರೊಯೇಷಿಯಾ, ಬೋಸ್ನಿಯಾ, ಮ್ಯಾಸಿಡೋನಿಯಾಗಳ ಕಾರ್ಖಾನೆಗಳಿಂದ ಬರುತ್ತಿದ್ದವು. 1991ರಲ್ಲಿ ಒಕ್ಕೂಟ ಮುರಿದು ಯುದ್ಧ ಆರಂಭವಾದಾಗ ನಿನ್ನೆಯವರೆಗೆ ಲಾರಿಗಳು ಸಲೀಸಾಗಿ ಬರುತ್ತಿದ್ದ ದಾರಿಗಳಿಗೆ ಗಡಿಗಳು ಬಿದ್ದವು. 1992ರಲ್ಲಿ ವಿಶ್ವಸಂಸ್ಥೆಯ ನಿರ್ಬಂಧಗಳು ಬಂದು ರಫ್ತಿನ ಬಾಗಿಲೂ ಮುಚ್ಚಿತು.

ಪ್ರಶ್ನೆ: 1999ರ ನ್ಯಾಟೊ ದಾಳಿಯ ನಂತರ ಕಾರ್ಖಾನೆ ಏನಾಯಿತು? ಈಗ ಊರಿನ ಸ್ಥಿತಿ ಹೇಗಿದೆ?

ಉತ್ತರ: 1999ರ ಏಪ್ರಿಲ್ 9 ಮತ್ತು 12ರಂದು ಜಾಸ್ತಾವಾ ಕಾರ್ಖಾನೆಯ ಮೇಲೆ ಬಾಂಬುಗಳು ಬಿದ್ದವು. ತಾವು ಒಳಗಿದ್ದರೆ ದಾಳಿ ನಡೆಯಲಾರದೆಂಬ ಭರವಸೆಯಿಂದ ಕಾರ್ಮಿಕರು ಪಾಳಿಯ ಮೇಲೆ ಕಾರ್ಖಾನೆಯಲ್ಲೇ ಉಳಿದುಕೊಂಡಿದ್ದರು. ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಕಾರು ವಿಭಾಗ, ವಿದ್ಯುತ್ ಸ್ಥಾವರ, ಬಣ್ಣ ಬಳಿಯುವ ವಿಭಾಗಗಳು ತೀವ್ರವಾಗಿ ಹಾನಿಗೊಂಡವು. ಒಡೆದ ಟ್ರಾನ್ಸ್‌ಫಾರ್ಮರುಗಳಿಂದ ಸೋರಿದ ಪಿಸಿಬಿ ಎಂಬ ವಿಷಕಾರಿ ಎಣ್ಣೆ ನೆಲಕ್ಕೂ ನೀರಿಗೂ ಸೇರಿದ್ದರಿಂದ, ವಿಶ್ವಸಂಸ್ಥೆಯ ಪರಿಸರ ತಂಡ ತುರ್ತಾಗಿ ಶುದ್ಧೀಕರಿಸಬೇಕಾದ ನಾಲ್ಕು ಸ್ಥಳಗಳಲ್ಲಿ ಕ್ರಾಗುಯೆವಾತ್ಸನ್ನೂ ಹೆಸರಿಸಿತು. ಅವಶೇಷಗಳನ್ನು ತೆರವುಗೊಳಿಸಿ ಉತ್ಪಾದನೆಯನ್ನು ಮತ್ತೆ ಆರಂಭಿಸಿದರಾದರೂ ಹಿಂದಿನ ಪ್ರಮಾಣ ಮರಳಲಿಲ್ಲ. ಕೊನೆಯ ಯೂಗೋ 2008ರ ನವೆಂಬರ್‌ನಲ್ಲಿ ಹೊರಬಂದಿತು. ಅಷ್ಟರಲ್ಲಿ ಒಟ್ಟು 7.9 ಲಕ್ಷಕ್ಕೂ ಹೆಚ್ಚು ಯೂಗೋಗಳು ತಯಾರಾಗಿದ್ದವು.

ಅದೇ ವರ್ಷ ಸರ್ಬಿಯಾ ಸರ್ಕಾರ ಫಿಯಟ್ ಜೊತೆ ಪಾಲುದಾರಿಕೆ ಮಾಡಿಕೊಂಡಿತು. ಕಂಪನಿಯ ಪಾಲು 67 ಶೇಕಡಾ, ಸರ್ಕಾರದ್ದು 33 ಶೇಕಡಾ. 2012ರಿಂದ ಫಿಯಟ್ 500ಎಲ್ ಮಾದರಿ ಇಲ್ಲಿ ತಯಾರಾಯಿತು. ಆ ಮಾದರಿಯ ಬೇಡಿಕೆ ಕುಸಿದಾಗ ಊರು ಮತ್ತೆ ಕೆಲಸ ಕಳೆದುಕೊಳ್ಳುವ ಭೀತಿಯನ್ನು ಕಂಡಿತು. ಫಿಯಟ್ ಈಗ ಸ್ಟೆಲಾಂಟಿಸ್ ಸಮೂಹದ ಭಾಗ. 2024ರಿಂದ ಗ್ರಾಂಡೆ ಪಾಂಡಾ ಎಂಬ ಕಾರು ಕ್ರಾಗುಯೆವಾತ್ಸ್‌ನಲ್ಲಿ ತಯಾರಾಗುತ್ತಿದೆ, ಅದರ ವಿದ್ಯುತ್ ಚಾಲಿತ ರೂಪವೂ ಸೇರಿ. ಆಯುಧ ವಿಭಾಗ ಪ್ರತ್ಯೇಕ ಕಂಪನಿಯಾಗಿ ನಡೆಯುತ್ತಿದೆ. ಸೀಮೆನ್ಸ್ ಕಂಪನಿ ಇಲ್ಲಿ ಟ್ರಾಮ್ ಗಾಡಿಗಳನ್ನು ತಯಾರಿಸುತ್ತದೆ. ಸರ್ಕಾರದ ದತ್ತಾಂಶ ಕೇಂದ್ರವೂ 2020ರ ಕೊನೆಯಲ್ಲಿ ಇಲ್ಲಿ ತೆರೆದಿದೆ. ಒಂದೇ ಕಾರ್ಖಾನೆಯನ್ನು, ಒಂದೇ ಮಾದರಿಯನ್ನು ನೆಚ್ಚಿಕೊಂಡರೆ ಆಗುವ ಅಪಾಯವನ್ನು ಈ ಊರು ಮೈಮೇಲೆ ಅನುಭವಿಸಿರುವುದರಿಂದ, ಉದ್ಯೋಗದ ಮೂಲಗಳು ಹೀಗೆ ಹಲವಾಗುತ್ತಿರುವುದು ನನಗೆ ಸಮಾಧಾನದ ಸಂಗತಿಯೆನಿಸುತ್ತದೆ. 1976ರಲ್ಲಿ ಸ್ಥಾಪನೆಯಾದ ಕ್ರಾಗುಯೆವಾತ್ಸ್ ವಿಶ್ವವಿದ್ಯಾಲಯ ಎಂಜಿನಿಯರಿಂಗ್ ಮತ್ತು ವೈದ್ಯಕೀಯದ ಜೊತೆಗೆ ಭಾಷೆ, ಕಲೆಗಳನ್ನೂ ಕಲಿಸುತ್ತದೆ.

ಪ್ರಶ್ನೆ: ಬೆಲ್‌ಗ್ರೇಡ್‌ಗೆ ಹೋದವರು ಒಂದು ದಿನದ ಮಟ್ಟಿಗೆ ಕ್ರಾಗುಯೆವಾತ್ಸ್ ನೋಡಬಹುದೇ?

ಉತ್ತರ: ನೋಡಬಹುದು, ಬಸ್ಸಿನಲ್ಲಿ ಬೆಳಿಗ್ಗೆ ಹೊರಟು ಸಂಜೆ ಮರಳಬಹುದು. ಮೊದಲು ಲೆಪೆನಿತ್ಸಾ ದಂಡೆಯ ಹಳೆಯ ಚರ್ಚಿಗೆ ಹೋಗಿ. ಮಿಲೋಶ್ 1818ರಲ್ಲಿ ಕಟ್ಟಿಸಿದ ಈ ಚರ್ಚಿನ ಆವರಣದಲ್ಲೇ ಹಳೆಯ ಶಾಸನಸಭೆಯ ಕಟ್ಟಡವಿದೆ. ಅಲ್ಲಿಂದ ಸ್ವಲ್ಪ ನಡೆದರೆ ಮಿಲೋಶ್‌ನ ಕಾಲದ ಅರಮನೆ ಸಮುಚ್ಚಯದಲ್ಲಿ ಉಳಿದಿರುವ ಅಮಿಜಾ ಮನೆ ಸಿಗುತ್ತದೆ. ಅದೀಗ ವಸ್ತುಸಂಗ್ರಹಾಲಯದ ಭಾಗ. ನಂತರ ಹಳೆಯ ಎರಕಶಾಲೆಯ ಕಟ್ಟಡದಲ್ಲಿರುವ ಸಂಗ್ರಹಾಲಯದಲ್ಲಿ ಫಿರಂಗಿ, ಬಂದೂಕುಗಳನ್ನೂ ಕಾರ್ಖಾನೆಯ ಚರಿತ್ರೆಯನ್ನೂ ನೋಡಬಹುದು. ಶುಮಾರಿತ್ಸೆಗೆ ಮಾತ್ರ ಅರ್ಧ ದಿನ ಮೀಸಲಿಡಿ. ಸ್ಮಾರಕಗಳು ಒಂದಕ್ಕೊಂದು ದೂರದಲ್ಲಿವೆ, ಅವುಗಳ ನಡುವೆ ಹುಲ್ಲುಗಾವಲೂ ಮರಗಳೂ ತುಂಬಿದ ದೀರ್ಘ ದಾರಿ ಇದೆ. ಮೊದಲು ವಸ್ತುಸಂಗ್ರಹಾಲಯ ನೋಡಿ ಆಮೇಲೆ ಉದ್ಯಾನದ ಒಳಗೆ ಹೋಗುವುದು ಸರಿಯಾದ ಕ್ರಮ, ಏಕೆಂದರೆ ಆ ಚೀಟಿಗಳನ್ನು ಓದಿದ ಮೇಲೆ ಯಾವ ಸ್ಮಾರಕ ಯಾರದ್ದು ಎಂಬುದು ತಾನಾಗಿ ತಿಳಿಯುತ್ತದೆ.